ಹಳೇ ಕನ್ನಡ ಸಿನಿಮಾ ನೋಡೋಕೆ ವಿಸಿಡಿಯೋ, ಡಿವಿಡಿಯೋ, ಆನ್‌ಲೈನೋ?

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಎಂಬತ್ತರ ದಶಕದ ಸಿನಿಮಾಸ್ಕೋಪ್ ಚಿತ್ರ ನೋಡಬೇಕಾದರೆ, ಒಂದು ಡಿಸ್ಕ್‌ನಲ್ಲಿ ಒಂದೇ ಸಿನಿಮಾ ಇರುವ ಡಿವಿಡಿ ಸಿಕ್ಕರೆ ಬಿಡಬೇಡಿ. ಆನ್‌ಲೈನಿನಲ್ಲಿ 'ಫುಲ್ ಎಚ್‌ಡಿ' ಅಂತ ದೊಡ್ಡದಾಗಿ ಬರೆದುಕೊಂಡದ್ದನ್ನು ನೋಡಿ ಡಿವಿಡಿಯನ್ನು ಗುಜರಿಗೆ ಹಾಕಬೇಡಿ.

ಒಂದೇ ಚಿತ್ರವನ್ನು ವಿಸಿಡಿ, ಡಿವಿಡಿ, 'ತ್ರೀ ಇನ್ ಒನ್' ಡಿವಿಡಿ, ಆನ್‌ಲೈನ್ ಹೀಗೆ ನಾಲ್ಕು ರೂಪದಲ್ಲೂ ನೋಡಿದೆ. ಟೀವಿ ಅದೇ, ಸ್ಪೀಕರ್ ಅದೇ. ಅಣ್ಣ-ತಮ್ಮ, ಅತ್ತಿಗೆ, ಆಸ್ತಿ ಜಗಳ ಎಲ್ಲ ಇರುವ ಕುಟುಂಬದ ಚಿತ್ರ ಅದು. ಹೆಸರು ಹೇಳುವುದಿಲ್ಲ. ತಪ್ಪು ಚಿತ್ರದ್ದಲ್ಲ, ಅದನ್ನು ಡಿಸ್ಕ್‌ಗೆ ಇಳಿಸಿದವರದ್ದು.

ವಿಸಿಡಿಯಿಂದ ಶುರು ಮಾಡೋಣ. ಒಂದು ಕಾಲಕ್ಕೆ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ನಲ್ಲಿ ಬುಟ್ಟಿಗಟ್ಟಲೆ ಸಿಗುತ್ತಿತ್ತು. ಮೋಸರ್ ಬೇರ್ ಕಂಪನಿ ಈ ವ್ಯಾಪಾರಕ್ಕೆ ಇಳಿದು ವಿಸಿಡಿ 28 ರೂಪಾಯಿ, ಡಿವಿಡಿ 34 ರೂಪಾಯಿ ಅಂದಾಗ ಇಡೀ ಮಾರುಕಟ್ಟೆಯೇ ಅಲ್ಲಾಡಿತ್ತು. ಅಗ್ಗ ಅನ್ನೋದು ಬಿಟ್ಟರೆ ವಿಸಿಡಿಯ ಪರವಾಗಿ ಹೇಳಲು ನನ್ನ ಹತ್ತಿರ ಜಾಸ್ತಿ ಏನಿಲ್ಲ. ಅದರ ಚಿತ್ರದ ಅಳತೆ 352x288 ಚುಕ್ಕೆ. ಇವತ್ತಿನ ದೊಡ್ಡ ಟೀವಿಯಲ್ಲಿ ಹಾಕಿದರೆ ನಾಯಕಿಯ ರೇಷ್ಮೆ ಸೀರೆಯ ಅಂಚು ಚೌಕ ಚೌಕವಾಗಿ ಒಡೆದು ಕಾಣುತ್ತದೆ. ಮಳೆ ಬಂತೋ, ಯಾರಾದರೂ ಓಡಿದರೋ, ಮುಗೀತು.

ಅದಕ್ಕಿಂತ ದೊಡ್ಡ ತೊಂದರೆ ಕತ್ತರಿ. ಒಂದು ವಿಸಿಡಿಯಲ್ಲಿ ಹಿಡಿಯುವುದು ಹೆಚ್ಚೆಂದರೆ 80 ನಿಮಿಷ. ಎರಡು ಡಿಸ್ಕ್ ಅಂದರೆ 160. ನಮ್ಮ ಚಿತ್ರ ಎರಡೂ ಮುಕ್ಕಾಲು ಗಂಟೆಯದ್ದು. ಮೂರನೇ ಡಿಸ್ಕ್‌ಗೆ ದುಡ್ಡು ಹಾಕುವವರು ಯಾರು? ಒಂದು ಹಾಡು ಮಾಯ. ತಮಾಷೆ ಅಂದರೆ ಆ ಹಾಡಿನ ಫೋಟೋ ಕವರ್ ಮೇಲೆ ಹಾಗೇ ಇದೆ! ಮೊದಲ ಡಿಸ್ಕ್ ಮುಗಿಯುವುದು ಇಂಟರ್‌ವಲ್‌ನಲ್ಲೂ ಅಲ್ಲ. ಅತ್ತಿಗೆ "ನಾನು ಈ ಮನೆ..." ಅನ್ನುವಷ್ಟರಲ್ಲಿ ಪರದೆ ಕಪ್ಪಾಗುತ್ತದೆ. ಬಿಡುತ್ತಾರೋ ಇರುತ್ತಾರೋ ತಿಳಿಯಬೇಕಾದರೆ ಎದ್ದು ಹೋಗಿ ಎರಡನೇ ಡಿಸ್ಕ್ ಹಾಕಬೇಕು.

ಈಗ ಒಂದು ದೃಶ್ಯವನ್ನು ಹತ್ತಿರದಿಂದ ನೋಡಿ. ಜಗಲಿಯ ಎಡತುದಿಯಲ್ಲಿ ಅಣ್ಣ ಕೂತಿದ್ದಾನೆ. ಬಲತುದಿಯಲ್ಲಿ ತಮ್ಮ ಕಂಬಕ್ಕೆ ಒರಗಿ ನಿಂತಿದ್ದಾನೆ. ನಡುವೆ ತಾಯಿ ಅಕ್ಕಿ ಆರಿಸುತ್ತಿದ್ದಾಳೆ. ಇಬ್ಬರ ನಡುವೆ ಎಷ್ಟು ದೂರ ಬೆಳೆದಿದೆ ಅಂತ ಛಾಯಾಗ್ರಾಹಕ ಮಾತಿಲ್ಲದೆ ತೋರಿಸಿದ್ದಾನೆ. ವಿಸಿಡಿಯಲ್ಲಿ ಕಾಣುವುದು ಅಮ್ಮ ಮತ್ತು ಮೊರ ಮಾತ್ರ. ಎಡಗಡೆಯಿಂದ ಒಂದು ಮೊಣಕಾಲು, ಬಲಗಡೆಯಿಂದ ಒಂದು ಧ್ವನಿ. ಸ್ಕೋಪ್ ಚಿತ್ರದ ಅಗಲ ಎತ್ತರದ 2.35 ಪಟ್ಟು. ಹಳೇ ಟೀವಿಯದ್ದು 1.33 ಪಟ್ಟು. ಪರದೆ ತುಂಬಲಿ ಅಂತ ಎರಡೂ ಬದಿ ಕತ್ತರಿಸಿದರೆ ಚಿತ್ರದ 43 ಪರ್ಸೆಂಟ್ ಹೋಯಿತು ಅಂತ ಲೆಕ್ಕ.

ಡಿವಿಡಿಯಲ್ಲಿ ಮೂವರೂ ಇದ್ದಾರೆ. ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ, ಬರಲಿ ಬಿಡಿ. 'ದುಡ್ಡು ಕೊಟ್ಟು ಅರ್ಧ ಟೀವಿ ನೋಡೋದಾ?' ಅಂತ ನಮ್ಮ ಮಾವ ಈಗಲೂ ಗೊಣಗುತ್ತಾರೆ. ಆ ಪಟ್ಟಿ ಇದ್ದರೇನೇ ಪೂರ್ತಿ ಸಿನಿಮಾ ಸಿಕ್ಕಿದೆ ಅಂತ ಅರ್ಥ ಅಂದರೆ ಅವರು ಒಪ್ಪುವುದಿಲ್ಲ. ಡಿವಿಡಿಯಲ್ಲಿ 720x576 ಚುಕ್ಕೆ, ವಿಸಿಡಿಯ ನಾಲ್ಕು ಪಟ್ಟು. ಆದರೆ ಇದರಲ್ಲೂ ಎರಡು ಜಾತಿ. ಅನಮಾರ್ಫಿಕ್ (ಅಂದರೆ ಚಿತ್ರದ ಅಗಲವನ್ನು ಹಿಂಡಿ ಡಿಸ್ಕ್‌ಗೆ ಹಾಕಿ, ಟೀವಿಯಲ್ಲಿ ಮತ್ತೆ ಅಗಲಿಸಿ ತೋರಿಸುವ ಬಗೆ) ಆಗಿದ್ದರೆ ಆ 576 ಗೆರೆಗಳಲ್ಲಿ ಸುಮಾರು 436 ಚಿತ್ರಕ್ಕೇ ಸಿಗುತ್ತವೆ. ಇಲ್ಲದಿದ್ದರೆ ಸುಮಾರು 326. ಮಿಕ್ಕಿದ್ದೆಲ್ಲ ಕಪ್ಪು ಪಟ್ಟಿಯ ಪಾಲು. ಇಂಥ ಡಿಸ್ಕ್ ಈಗಿನ ಅಗಲ ಟೀವಿಯಲ್ಲಿ ನಾಲ್ಕೂ ಕಡೆ ಕಪ್ಪು ಬಿಟ್ಟು ನಡುವೆ ಕಿಟಕಿ ಥರ ಕಾಣುತ್ತದೆ. ರಿಮೋಟ್‌ನಲ್ಲಿ ಝೂಮ್ ಒತ್ತಬೇಕು. ನನ್ನ ಡಿಸ್ಕ್ ಈ ಎರಡನೇ ಜಾತಿಯದ್ದು. ಆದರೂ ಮೊರದಲ್ಲಿನ ಅಕ್ಕಿ ಅಕ್ಕಿಯಾಗೇ ಕಾಣುತ್ತದೆ.

ಅದೇ ಚಿತ್ರದ 'ತ್ರೀ ಇನ್ ಒನ್' ಮಾತ್ರ ಶುದ್ಧ ಮೋಸ. 4.7 ಜಿಬಿಯ ಡಿಸ್ಕ್‌ಗೆ ಎರಡೂವರೆ ಗಂಟೆ ಮೇಲಿನ ಮೂರು ಚಿತ್ರ ತುರುಕಿದ್ದಾರೆ. ಲೆಕ್ಕ ಹಾಕಿದರೆ ಸೆಕೆಂಡಿಗೆ ಸಿಗುವ ಡೇಟಾ ವಿಸಿಡಿಗಿಂತ ಹೆಚ್ಚೇನೂ ಇಲ್ಲ. ಕವರ್ ಡಿವಿಡಿ, ಒಳಗಿರೋದು ವಿಸಿಡಿ.

ಹಾಡು ಕೇಳುವವರಿಗೆ ಇನ್ನೊಂದು ವಿಷಯ. ಥಿಯೇಟರಿನಲ್ಲಿ ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ನಮ್ಮ ಟೀವಿ, ಡಿಸ್ಕ್‌ಗಳ ಪ್ಯಾಲ್ ಪದ್ಧತಿಗೆ ಇಳಿಸುವಾಗ ಸಾಮಾನ್ಯವಾಗಿ ಅದನ್ನೇ 25ರಲ್ಲಿ ಓಡಿಸುತ್ತಾರೆ. 150 ನಿಮಿಷದ ಚಿತ್ರ 144ಕ್ಕೆ ಮುಗಿಯುತ್ತದೆ. ಒಂದು ಸೀನೂ ಕಟ್ ಆಗಿರುವುದಿಲ್ಲ, ಆದರೆ ಶ್ರುತಿ ಹಾರ್ಮೋನಿಯಂನ ಮುಕ್ಕಾಲು ಮನೆಯಷ್ಟು ಏರಿರುತ್ತದೆ. ಕ್ಯಾಸೆಟ್ಟಿನಲ್ಲಿ ಕೇಳಿ ಬಾಯಿಪಾಠವಾದ ಹಾಡು ಡಿಸ್ಕ್‌ನಲ್ಲಿ ಯಾಕೋ ಅವಸರದಲ್ಲಿದೆ ಅನ್ನಿಸುವುದು ಇದಕ್ಕೇ. ಹಾರ್ಮೋನಿಯಂ ಇದ್ದರೆ ಜೊತೆಗೆ ನುಡಿಸಿ ನೋಡಿ, ಯಾವ ಮನೆಗೂ ಕೂರುವುದಿಲ್ಲ.

ಆನ್‌ಲೈನ್ ಇಲ್ಲಿ ಗೆಲ್ಲಬೇಕಿತ್ತು. ವೇಗ ಸರಿಯಾಗೇ ಇದೆ. ಆದರೆ ನಾನು ನೋಡಿದ ಅಪ್‌ಲೋಡ್‌ನಲ್ಲಿ ಒಂದು ಹಾಡಿನ ಹೊತ್ತಿಗೆ ಧ್ವನಿಯೇ ಇಲ್ಲ. ಚಿತ್ರದ ಹಕ್ಕು ಒಬ್ಬರದ್ದು, ಆಡಿಯೋ ಹಕ್ಕು ಇನ್ನೊಬ್ಬರದ್ದು. ಅವರ ಜಗಳದಲ್ಲಿ ನಾಯಕ ಮೂಕನಾಗಿ ಬಾಯಿ ಆಡಿಸುತ್ತಾನೆ. ಮೂಲೆಯಲ್ಲಿ ಚಾನೆಲ್‌ನ ಲೋಗೋ ಬೇರೆ ತಿರುಗುತ್ತಿದೆ. '1080' ಅಂತ ಬರೆದಿದ್ದಾರೆ, ಆದರೆ ಹಳೇ ವಿಡಿಯೋ ಟೇಪನ್ನೇ ಹಿಗ್ಗಿಸಿದ್ದು ಅಂತ ಕಣ್ಣಿಗೆ ಗೊತ್ತಾಗುತ್ತದೆ. ಕಲೆ ತೆಗೆಯುವ ಸಾಫ್ಟ್‌ವೇರ್ ಓಡಿಸಿ ಅಮ್ಮನ ಮುಖದ ಸುಕ್ಕನ್ನೂ ಅಳಿಸಿದ್ದಾರೆ. ಅರವತ್ತರ ಹೆಂಗಸಿಗೆ ಮೇಣದ ಕೆನ್ನೆ. ಜಗಲಿ ದೃಶ್ಯದಲ್ಲಿ ಅಣ್ಣನ ಅರ್ಧ ಮುಖ ಸಿಗುತ್ತದೆ, ತಮ್ಮ ಇಲ್ಲ.

ಟೀವಿ ಧಾರಾವಾಹಿಗಳ ಕಥೆ ಇದರ ಉಲ್ಟಾ. ಶಂಕರ್ ನಾಗ್ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ ಕಾಲಕ್ಕೆ ಟೀವಿ ಅಂದರೆ 4:3 ಪೆಟ್ಟಿಗೆ. ಆ ಕಾಲದ ದೂರದರ್ಶನದ ಧಾರಾವಾಹಿಗಳೆಲ್ಲ ಆ ಚೌಕಟ್ಟಿಗೇ ಹೊಂದಿಸಿದವು. ಈಗ ಅಗಲ ಪರದೆ ತುಂಬಿಸಬೇಕು ಅಂತ ಮೇಲೆ ಕೆಳಗೆ ಕತ್ತರಿಸಿದರೆ ಕಾಲು ಭಾಗ ಚಿತ್ರ ಹೋಗುತ್ತದೆ. ಅಂಥ ಒಂದು ಹಳೇ ಧಾರಾವಾಹಿಯನ್ನು ಆ್ಯಪ್‌ನಲ್ಲೂ ಡಿವಿಡಿಯಲ್ಲೂ ನೋಡಿದೆ. ಆ್ಯಪ್‌ನಲ್ಲಿ ಬಣ್ಣ ಚೆನ್ನಾಗಿದೆ, ಕ್ಲಾಸಿನ ಮೇಷ್ಟ್ರಿಗೆ ಹಣೆಯೇ ಇಲ್ಲ. ಡಿವಿಡಿಯಲ್ಲಿ ಬಣ್ಣ ಮಾಸಿದೆ, ಆದರೆ ಮೇಷ್ಟ್ರ ಪೇಟವೂ ಇದೆ, ಹುಡುಗನ ಕೈಯಲ್ಲಿನ ಸ್ಲೇಟೂ ಇದೆ. ನನಗೆ ಮಾಸಿದ ಬಣ್ಣವೇ ವಾಸಿ. ಮನೆಯಲ್ಲಿ ಮಕ್ಕಳು ಆ್ಯಪ್ ಕಡೆ ವಾಲಿದರು, ಅವರಿಗೆ ಎರಡು ಬದಿಯ ಕಪ್ಪು ಕಂಡರೆ ಆಗುವುದಿಲ್ಲ.

ಬ್ಲೂರೇ ಬಗ್ಗೆ ಜಾಸ್ತಿ ಹೇಳಲಾರೆ, ಹಳೇ ಕನ್ನಡ ಚಿತ್ರ ಅದರಲ್ಲಿ ಸಿಗುವುದೇ ಅಪರೂಪ. ಏನು ಸಾಧ್ಯ ಅಂತ ಗೊತ್ತಾಗಿದ್ದು ಸತ್ಯಜಿತ್ ರಾಯ್ ಅವರ ಅಪು ಚಿತ್ರಗಳ ಬ್ಲೂರೇ ನೋಡಿದಾಗ. ಅವುಗಳ ನೆಗೆಟಿವ್ 1993ರಲ್ಲಿ ಲಂಡನ್ನಿನ ಲ್ಯಾಬ್ ಒಂದರ ಬೆಂಕಿಗೆ ಸಿಕ್ಕಿದ್ದವು. ಉಳಿದದ್ದನ್ನು ಜೋಡಿಸಿ 2015ರಲ್ಲಿ ಹೊಸದಾಗಿ ತಂದರು. ಅಮೆರಿಕದಿಂದ ತರಿಸುವವರಿಗೆ ಒಂದು ಮಾತು: ಯಾವ ದೇಶಗಳ ಪ್ಲೇಯರ್‌ನಲ್ಲಿ ಡಿಸ್ಕ್ ಓಡುತ್ತದೆ ಅನ್ನುವ ಗುರುತಿಗೆ ರೀಜನ್ ಅಂತಾರೆ. ಅಲ್ಲಿಯ ಬ್ಲೂರೇ ರೀಜನ್ 'ಎ', ನಮ್ಮದು 'ಸಿ'. ಡಿವಿಡಿಯಲ್ಲೂ ಅಲ್ಲಿಯದು 1, ನಮ್ಮದು 5. ಎಲ್ಲ ರೀಜನ್ ಓಡಿಸುವ ಪ್ಲೇಯರ್ ಇಲ್ಲದಿದ್ದರೆ ಡಿಸ್ಕ್ ಶೋಕೇಸಿಗೆ ಮಾತ್ರ. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' 2024ರಲ್ಲಿ 4ಕೆಯಲ್ಲಿ ಹೊಸದಾಗಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಅದು ಡಿಸ್ಕ್ ಆಗಿ ಬಂದರೆ ಬೆಲೆ ಕೇಳದೆ ಕೊಳ್ಳುತ್ತೇನೆ.

ಅಲ್ಲಿಯವರೆಗೆ, ಯಾವ ರೂಪದಲ್ಲಿ ಸಿಕ್ಕರೂ ಮೊದಲ ಹತ್ತು ನಿಮಿಷ ನೋಡಿ ತೀರ್ಮಾನಿಸಿ. ಶುರುವಿನ ಟೈಟಲ್ ಕಾರ್ಡ್‌ಗಳನ್ನು ನಂಬಬೇಡಿ. ಹೆಸರುಗಳು ಕತ್ತರಿಸಿ ಹೋಗಬಾರದು ಅಂತ ಅಲ್ಲಿ ಅಗಲವನ್ನು ಹಿಂಡಿ ಕೂರಿಸಿರುತ್ತಾರೆ. ಎಲ್ಲರೂ ಸೊರಗಿ ಉದ್ದುದ್ದ ಕಾಣುತ್ತಾರೆ. ನಿರ್ದೇಶಕರ ಹೆಸರು ಹೋದ ತಕ್ಷಣ ಜನ ಮತ್ತೆ ದಪ್ಪಗಾದರೆ, ಕತ್ತರಿ ಬಿತ್ತು ಅಂತಲೇ ತಿಳಿಯಿರಿ.