24 ಮಕ್ಕಳ ಶಿಬಿರಕ್ಕೆ ಯಾವ ಸೂರು: ಡೋಮ್ ಟೆಂಟೋ, ತಾಡಪಾಲೋ, ಹ್ಯಾಮಕ್ಕೋ?

24 ಮಕ್ಕಳು, ಜೊತೆಗೆ ನಾಲ್ವರು ದೊಡ್ಡವರು, ಬಯಲಲ್ಲಿ ಎರಡು ರಾತ್ರಿ. ಇಂಥ ಶಿಬಿರದಲ್ಲಿ ಮೊದಲು ತೀರ್ಮಾನವಾಗಬೇಕಾದದ್ದು ಮಲಗುವ ಸೂರು. ಬೆನ್ನಿನ ಹೊರೆ ಎಷ್ಟು, ಎಂಥ ಜಾಗ ಬೇಕು, ಸಂಜೆ ಎಷ್ಟು ಹೊತ್ತಿಗೆ ತಲುಪಬೇಕು ಎಂಬುದೆಲ್ಲ ಅದರ ಮೇಲೆಯೇ ನಿಂತಿದೆ. ಗುಮ್ಮಟದಂತೆ ನಿಲ್ಲುವ ಡೋಮ್ ಟೆಂಟ್, ಹಗ್ಗದ ಮೇಲೆ ಇಳಿಬಿಡುವ ತಾಡಪಾಲು, ಎರಡು ಮರಕ್ಕೆ ಕಟ್ಟುವ ಬಟ್ಟೆಯ ತೂಗುಹಾಸಿಗೆಯಾದ ಹ್ಯಾಮಕ್, ಈ ಮೂರು ಬಗೆಯನ್ನೂ ಮಲೆನಾಡಿನಲ್ಲೂ ಬಯಲುಸೀಮೆಯ ಬಂಡೆಬೆಟ್ಟಗಳಲ್ಲೂ ಬಳಸಿ ನೋಡಿ ಬರೆದ ಹೋಲಿಕೆ ಇದು.

ತೂಕ ಮತ್ತು ಜಾಗ

ಮೂವರ ಡೋಮ್ ಟೆಂಟ್ ಸುಮಾರು ಮೂರೂವರೆ ಕಿಲೋ ತೂಗುತ್ತದೆ, ತಲಾ 1.2 ಕಿಲೋ ಹತ್ತಿರ. 28 ಮಂದಿಗೆ ಹತ್ತು ಟೆಂಟ್ ಬೇಕು. ಹೊರಗೆ ಕಟ್ಟುವ ಹಗ್ಗಕ್ಕೂ ಜಾಗ ಬೇಕಾದ್ದರಿಂದ ಪ್ರತಿಯೊಂದಕ್ಕೂ ಹತ್ತು ಅಡಿ ಚೌಕದ ಸಮತಟ್ಟು ನೆಲ ಲೆಕ್ಕ ಹಾಕಿಕೊಳ್ಳಿ.

12×18 ಅಡಿಯ, 120 ಜಿಎಸ್‌ಎಂ (ಚದರ ಮೀಟರಿಗೆ 120 ಗ್ರಾಂ) ತಾಡಪಾಲು ಸುಮಾರು 2.4 ಕಿಲೋ. ನೆಲಕ್ಕೆ ಹಾಸುವ 9×18 ಅಡಿಯ ಹಾಳೆ, ಹಗ್ಗ, ಗೂಟ ಸೇರಿದರೆ ಐದು ಕಿಲೋ ದಾಟುತ್ತದೆ. ಅದರಡಿ ಎಂಟು ಜನ ಮಲಗುವುದರಿಂದ ತಲಾ 650 ಗ್ರಾಂ ಮಾತ್ರ. ನಡುವಿನ ಹಗ್ಗ ನಾಲ್ಕು ಅಡಿ ಎತ್ತರದಲ್ಲಿದ್ದು, ಎರಡೂ ಅಂಚು ನೆಲ ಮುಟ್ಟಿದರೆ ಒಳಗೆ ಒಂಬತ್ತು ಅಡಿ ಅಗಲ ಸಿಗುತ್ತದೆ. ಎಲ್ಲರೂ ಅಡ್ಡಲಾಗಿ, ಒಬ್ಬರ ಪಕ್ಕ ಒಬ್ಬರು ಮಲಗಬೇಕು. ಕಾಲ ಕಡೆ ಉಳಿಯುವ ಮೂರಡಿ ಚೀಲಗಳಿಗೆ. 200 ಜಿಎಸ್‌ಎಂ ಹಾಳೆ ಗಟ್ಟಿ, ಆದರೆ ಒಂದೊಂದೂ ನಾಲ್ಕು ಕಿಲೋ ಆಗುತ್ತದೆ. ವಾಹನ ಶಿಬಿರದ ಜಾಗದವರೆಗೆ ಹೋಗುವಂತಿದ್ದರೆ ಮಾತ್ರ ಅದನ್ನು ಒಯ್ಯಿರಿ.

ಕಟ್ಟುವಾಗ ಎಲ್ಲಿ ಕೆಡುತ್ತದೆ

ಟೆಂಟ್ ಕಟ್ಟುವುದು ಸುಲಭ, ಅದಕ್ಕೇ ಮಕ್ಕಳು ಅವಸರ ಮಾಡುತ್ತಾರೆ. ಫೈಬರ್‌ಗ್ಲಾಸ್ ಕೋಲನ್ನು ಬಟ್ಟೆಯ ತೋಳಿನೊಳಗೆ ತಳ್ಳಬೇಕೇ ಹೊರತು ಆ ತುದಿಯಿಂದ ಎಳೆಯಬಾರದು. ಎಳೆದರೆ ತುಂಡುಗಳು ನಡುವೆ ಬಿಟ್ಟುಕೊಳ್ಳುತ್ತವೆ, ಅದೇ ಸ್ಥಿತಿಯಲ್ಲಿ ಬಗ್ಗಿಸಿದಾಗ ಕೀಲಿನ ಹತ್ತಿರ ಸೀಳುತ್ತವೆ. ಕೋಲು ಒಳಗೆ ಸೇರುವಷ್ಟೇ ಬಾಯಿಯ 15 ಸೆಂ.ಮೀ. ಅಲ್ಯೂಮಿನಿಯಂ ಕೊಳವೆ ಎರಡು, ಒಂದು ಸುರುಳಿ ಗಟ್ಟಿ ಟೇಪು ಇದ್ದರೆ ಸೀಳಿದ ಕೋಲನ್ನು ಅಲ್ಲೇ ಸರಿಮಾಡಬಹುದು. ಸೀಳಿದ ಜಾಗವನ್ನು ಬರಿಗೈಯಲ್ಲಿ ಮುಟ್ಟಲು ಬಿಡಬೇಡಿ, ಗಾಜಿನ ನಾರು ಚರ್ಮಕ್ಕೆ ಚುಚ್ಚಿಕೊಳ್ಳುತ್ತದೆ.

ಟೆಂಟಿನಡಿ ಹಾಸುವ ಪ್ಲಾಸ್ಟಿಕ್ ಟೆಂಟಿನ ಅಂಚಿಗಿಂತ ನಾಲ್ಕು ಬೆರಳು ಒಳಗೇ ಇರಬೇಕು. ಹೊರಗೆ ಚಾಚಿದರೆ ಮೇಲಿಂದ ಜಾರಿದ ಮಳೆನೀರೆಲ್ಲ ಅದರ ಮೇಲೆ ಬಿದ್ದು ಬೆನ್ನಡಿಗೇ ಬರುತ್ತದೆ. ಟೆಂಟು ಸೋರುತ್ತದೆ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಈ ಹಾಸು.

ತಾಡಪಾಲಿಗೆ 6 ಮಿ.ಮೀ. ದಪ್ಪದ 15 ಮೀಟರ್ ಹಗ್ಗ ಒಂದು, ಅಂಚುಗಳಿಗೆ 4 ಮಿ.ಮೀ. ದಪ್ಪದ ಮೂರು ಮೀಟರಿನ ತುಂಡು ಎಂಟು. ನೈಲಾನ್ ನೆನೆದರೆ ಉದ್ದವಾಗುವುದರಿಂದ ಸಂಜೆ ಬಿಗಿದ ಸೂರು ನಡುರಾತ್ರಿ ಜೋತುಬಿದ್ದು, ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಪಾಲಿಯೆಸ್ಟರ್ ಹಗ್ಗ ಒಳ್ಳೆಯದು. ನಡುಹಗ್ಗದ ಒಂದು ತುದಿಯನ್ನು ಮರಕ್ಕೆ ಗಟ್ಟಿಯಾಗಿ ಕಟ್ಟಿ, ಇನ್ನೊಂದನ್ನು ಲಾರಿಯವರು ಹೊರೆ ಬಿಗಿಯುವ ಗಂಟಿನಿಂದ ಎಳೆಯಿರಿ. ಹಾಳೆಯ ಹೊರಗೆ, ಅಂಚಿನ ಪಕ್ಕದಲ್ಲೇ, ಹಗ್ಗಕ್ಕೊಂದು ಹತ್ತಿ ಬಟ್ಟೆಯ ಚೂರು ಕಟ್ಟಿ. ಮರದಿಂದ ಹಗ್ಗದ ಗುಂಟ ಹರಿದು ಬರುವ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ.

ಅಗ್ಗದ ತಾಡಪಾಲಿನ ಲೋಹದ ಕಣ್ಣುಗಳು ಗಾಳಿಗೆ ಕಿತ್ತುಬರುತ್ತವೆ. ಅವುಗಳನ್ನು ನಂಬದೆ, ನಿಂಬೆಹಣ್ಣಿನ ಗಾತ್ರದ ನುಣುಪು ಕಲ್ಲನ್ನು ಹಾಳೆಯೊಳಗಿಂದ ಒತ್ತಿ, ಅದರ ಕುತ್ತಿಗೆಗೆ ಹಗ್ಗ ಬಿಗಿಯಿರಿ. ಹಾಳೆ ಹರಿಯುವುದಿಲ್ಲ. ಜಂಬಿಟ್ಟಿಗೆ ನೆಲದಲ್ಲಿ ಟೆಂಟಿನ ತೆಳು ಗೂಟ ಬಾಗುತ್ತದೆ, ಬಂಡೆಯ ಮೇಲೆ ಯಾವ ಗೂಟವೂ ಇಳಿಯುವುದಿಲ್ಲ. ಎರಡು ಕಡೆಯೂ ಹಗ್ಗವನ್ನು ಭಾರದ ಕಲ್ಲಿಗೆ ಸುತ್ತಿ ಕಟ್ಟುವುದೇ ಸರಿ.

ಸೂರಿನ ಸುತ್ತ ಕಾಲುವೆ ತೋಡುವ ಹಳೆಯ ಪದ್ಧತಿ ಬಿಡಿ. ತೋಡಿದ ಜಾಗದಿಂದ ಹುಲ್ಲುಗಾವಲಿನ ಮಣ್ಣು ಕೊಚ್ಚಿಹೋಗುತ್ತದೆ. ತುಸು ಇಳಿಜಾರು ನೋಡಿ, ತಲೆ ಮೇಲ್ಗಡೆ ಬರುವಂತೆ ಮಲಗಿದರೆ ಸಾಕು.

ಮಲೆನಾಡಾದರೆ ಟೆಂಟೇ

ಈ ಒಂದು ವಿಷಯದಲ್ಲಿ ನಮಗೆ ಎರಡನೇ ಮಾತಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದ. ಅದರ ಮರಿಗಳು ತರಗೆಲೆಯಲ್ಲಿ ಹೆಚ್ಚಾಗಿರುವುದು ಮಳೆ ನಿಂತ ಮೇಲೆ, ಬೇಸಿಗೆಯವರೆಗೆ. ಶಾಲೆ ಕಾಲೇಜುಗಳ ಶಿಬಿರ ನಡೆಯುವುದೂ ಅದೇ ತಿಂಗಳುಗಳಲ್ಲಿ. ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣ ಈ ಹುಳವನ್ನು ತಾಡಪಾಲಿನ ತೆರೆದ ಅಂಚು ತಡೆಯುವುದಿಲ್ಲ. ನೆಲಬಟ್ಟೆ ಹೊಲಿದ, ಜಿಪ್ ಮುಚ್ಚುವ ಟೆಂಟು ತಡೆಯುತ್ತದೆ. ಜಿಪ್ ಸದಾ ಮುಚ್ಚಿರಬೇಕು, ಹೊರಗೆ ತೊಟ್ಟ ಬಟ್ಟೆ ಒಳಗೆ ಬರಬಾರದು. ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡೇ ಕಾಡಿಗಿಳಿಯಿರಿ. ಕಾಯಿಲೆ ಕಂಡುಬಂದಿರುವ ಊರಾದರೆ ಶಿಬಿರದ ಜಾಗವನ್ನೇ ಬದಲಿಸಿ. ಮಳೆಗಾಲದ ಇಂಬಳಕ್ಕೂ ಮುಚ್ಚಿದ ಟೆಂಟೇ ಉತ್ತರ.

ಟೆಂಟಿನ ದೋಷ ಒಳಗಿನ ಬೆವರು. ಒಂದೇ ಪದರದ ಟೆಂಟಿನಲ್ಲಿ ಮೂವರ ಉಸಿರಿನ ತೇವ ಬೆಳಗಿನ ಚಳಿಗೆ ಒಳಮೈಯಲ್ಲಿ ಹನಿಗಟ್ಟಿ ಹೊದಿಕೆಗೆ ಇಳಿಯುತ್ತದೆ. ಮೇಲುಹೊದಿಕೆ ಬೇರೆಯಿರುವ ಎರಡು ಪದರದ್ದನ್ನೇ ಕೊಳ್ಳಿ, ಮೇಲಿನ ಗಾಳಿಕಿಂಡಿ ಚಳಿಯಲ್ಲೂ ತೆರೆದಿಡಿ. ಸೊಳ್ಳೆಬತ್ತಿ, ಒಲೆ ಟೆಂಟಿನೊಳಗೆ ಖಂಡಿತ ಬೇಡ. ಬಟ್ಟೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ, ಒಲೆಯ ಹೊಗೆಯ ವಿಷ ವಾಸನೆಯಿಲ್ಲದೆ ಕೊಲ್ಲುತ್ತದೆ.

ರಾಮನಗರ, ಚಿತ್ರದುರ್ಗದ ಕಡೆಯ ಒಣ ನೆಲದಲ್ಲಿ ತಾಡಪಾಲು ಹೆಚ್ಚು ಒಪ್ಪುತ್ತದೆ. ಹೊರೆ ಕಡಿಮೆಯಾಗುತ್ತದೆ, ಮಕ್ಕಳು ಗಂಟು, ಗಾಳಿಯ ದಿಕ್ಕು, ನೆಲದ ಓರೆ ಎಲ್ಲವನ್ನೂ ಕೈಯಾರೆ ಕಲಿಯುತ್ತಾರೆ. ಕಲ್ಲು ಎತ್ತುವ ಮುನ್ನ ಕೋಲಿನಿಂದ ಹೊರಳಿಸುವುದನ್ನು ಮೊದಲ ದಿನವೇ ಕಲಿಸಿ, ಚೇಳು ಅಲ್ಲೇ ಇರುತ್ತದೆ. ಬಟ್ಟೆ ಬದಲಿಸಲು, ಜ್ವರ ಬಂದವರನ್ನು ಮಲಗಿಸಲು ಎರಡು ಟೆಂಟ್ ಜೊತೆಗಿರಲಿ. ಹೆಣ್ಣುಮಕ್ಕಳಿರುವ ತಂಡದಲ್ಲಿ ಇದನ್ನು ಬಿಡುವಂತೆಯೇ ಇಲ್ಲ.

ಹ್ಯಾಮಕ್

ತಂಡಕ್ಕೆ ಬೇಡ. ಪ್ರತಿಯೊಬ್ಬರಿಗೂ ನಾಲ್ಕೈದು ಮೀಟರ್ ಅಂತರದ ಎರಡು ಗಟ್ಟಿ ಮರ ಬೇಕು, ಬೋಳುಗುಡ್ಡದಲ್ಲಿ ಮರವೇ ಇಲ್ಲ. ಚಳಿ ಕೆಳಗಿಂದ ಹೊಡೆಯುವುದರಿಂದ ಬೆನ್ನಡಿ ಫೋಮ್ ಹಾಸು ಬೇಕೇ ಬೇಕು. ಒಬ್ಬಿಬ್ಬರು ಬಳಸುವುದಾದರೆ ಎರಡು ಬೆರಳು ಅಗಲದ ಪಟ್ಟಿ ಕಟ್ಟಿ, ತೆಳು ಹಗ್ಗ ಮರದ ತೊಗಟೆ ಕೊಯ್ಯುತ್ತದೆ. ಪಟ್ಟಿ ನೆಲಕ್ಕೆ ಸುಮಾರು 30 ಡಿಗ್ರಿ ಓರೆಯಲ್ಲಿರಲಿ, ಬಟ್ಟೆಯಲ್ಲಿ ಮೂಲೆಯಿಂದ ಮೂಲೆಗೆ ಮಲಗಿ.

ಮರಳಿದ ಮೇಲೆ

ತಾಡಪಾಲನ್ನು ತೊಳೆದು ಗೋಡೆಯ ಮೇಲೆ ಹರಡಿದರೆ ಮುಗಿಯಿತು. ಟೆಂಟನ್ನು ಮಾರನೇ ದಿನವೇ ನೆರಳಿನಲ್ಲಿ ಪೂರ್ತಿ ಒಣಗಿಸಬೇಕು. ತೇವದಲ್ಲೇ ಮಡಚಿಟ್ಟರೆ ಒಳಲೇಪ ಅಂಟಂಟಾಗಿ ನಾರುತ್ತದೆ, ಹೊಲಿಗೆಯ ಟೇಪು ಎದ್ದುಬರುತ್ತದೆ, ಆಮೇಲೆ ಆ ಟೆಂಟು ಮಳೆಗೆ ಆಗುವುದಿಲ್ಲ. ಜಿಪ್ಪಿನ ಹಲ್ಲಿನೊಳಗಿನ ಮರಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ಹತ್ತು ಟೆಂಟ್ ಒಟ್ಟಿಗೆ ಒಣಗಿಸಲು ನೆರಳಿರುವ ಜಾಗ ನಿಮ್ಮ ಶಾಲೆಯಲ್ಲೋ ಸಂಘದ ಕಟ್ಟಡದಲ್ಲೋ ಇದೆಯೇ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಿ.