ಟೊಮೆಟೊ: ಹಸಿರುಮನೆಯೊಳಗೆ ಮತ್ತು ಬಯಲಿನಲ್ಲಿ

ಒಂದೇ ಟ್ರೇಯಲ್ಲಿ ಎಬ್ಬಿಸಿದ ಸಸಿಗಳನ್ನು ಎರಡು ಪಾಲು ಮಾಡಿ, ಒಂದನ್ನು ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆಯಲ್ಲಿ, ಇನ್ನೊಂದನ್ನು ಪಕ್ಕದ ಬಯಲಿನಲ್ಲಿ ನೆಟ್ಟು ಬೆಳೆಸುತ್ತ ಬಂದಿದ್ದೇನೆ. ತಳಿ ಒಂದೇ, ಗೊಬ್ಬರ ಒಂದೇ, ಎರಡಕ್ಕೂ ಹನಿ ನೀರಾವರಿ. ಹಸಿರುಮನೆಯಲ್ಲಿ ಇಳುವರಿ ಹೆಚ್ಚು ಎಂಬ ಮಾತು ಸುಳ್ಳಲ್ಲ. ಆದರೆ ಬಯಲಿನಲ್ಲಿ ಗಾಳಿ, ಮಳೆ, ಕೀಟಗಳು ಬಿಟ್ಟಿಯಾಗಿ ಮಾಡಿಕೊಡುವ ಕೆಲಸವನ್ನು ಒಳಗೆ ನಾವೇ ಮಾಡಿದರೆ ಮಾತ್ರ ಆ ಇಳುವರಿ ಕೈಗೆ ಬರುತ್ತದೆ.

ಹೂವಿನ ವಿಷಯದಲ್ಲಿ ಇದು ಬಹಳ ಚೆನ್ನಾಗಿ ಕಾಣುತ್ತದೆ. ಟೊಮೆಟೊ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ಆದರೆ ಪರಾಗ ಕೇಸರಗಳ ಕೊಳವೆಯೊಳಗೆ ಅಡಗಿರುವುದರಿಂದ ಹೂವು ಅಲುಗಿದರೇ ಉದುರುವುದು. ಬಯಲಿನಲ್ಲಿ ಗಾಳಿ ದಿನವಿಡೀ ಅಲುಗಿಸುತ್ತದೆ. ಹೂವನ್ನು ಹಿಡಿದು ಮೈ ಕಂಪಿಸುವ ಕಾಡು ದುಂಬಿಗಳೂ ಬರುತ್ತವೆ. ಸಾಕಿದ ಜೇನುನೊಣಗಳಿಗೆ ಆ ಕಂಪನ ಬಾರದು. ಅದಕ್ಕಾಗಿಯೇ ಯುರೋಪಿನ ದೊಡ್ಡ ಹಸಿರುಮನೆಗಳು 1980ರ ದಶಕದ ಕೊನೆಯಿಂದ ಹೀಗೆ ಕಂಪಿಸಬಲ್ಲ ಬಂಬಲ್‌ಬೀ ಎಂಬ ದುಂಬಿಯ ಗೂಡುಗಳನ್ನು ಒಳಗಿಡುತ್ತಿವೆ. ಗೂಡಿಲ್ಲದ ನಾನು ಬೆಳಗಿನ ತೇವ ಆರಿದ ಮೇಲೆ, ಗಿಡ ಕಟ್ಟಿದ ಹುರಿಯನ್ನು ಸಾಲಾಗಿ ತಟ್ಟುತ್ತ ಹೋಗುತ್ತೇನೆ. ತಟ್ಟದೆ ಬಿಟ್ಟ ಸಾಲಿನಲ್ಲಿ ಗೊಂಚಲುಗಳು ಅರೆಬರೆಯಾಗಿ ಕಟ್ಟುತ್ತವೆ, ಕಾಯಿಗಳೂ ಸೊಟ್ಟಗಾಗುತ್ತವೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಪರಾಗ ಅಂಟಿಕೊಂಡು ಬಿಡುವುದರಿಂದ ಮೋಡದ ದಿನ ತಟ್ಟಿಯೂ ಹೆಚ್ಚು ಫಲವಿಲ್ಲ.

ಬಿಸಿಲಿನ ಕಾಲದಲ್ಲಿ ಬಯಲೇ ಮೇಲು ಎಂದು ಧೈರ್ಯವಾಗಿ ಹೇಳುತ್ತೇನೆ. ಹಗಲಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ದಾಟಿ ರಾತ್ರಿಯೂ ತಂಪಾಗದಿದ್ದರೆ ಪರಾಗ ಕೆಟ್ಟು ಹೂವು ಉದುರುತ್ತದೆ. ಹೊರಗೆ ಸಹಿಸಬಹುದಾದ ದಿನವೂ ಪ್ಲಾಸ್ಟಿಕ್ಕಿನಡಿ ಈ ಮಿತಿ ಸುಲಭವಾಗಿ ಮೀರುತ್ತದೆ. 30 ಡಿಗ್ರಿಗಿಂತ ಮೇಲೆ ಹಣ್ಣಿನ ಕೆಂಪು ಬಣ್ಣಕ್ಕೆ ಕಾರಣವಾದ ಲೈಕೋಪಿನ್ ಸರಿಯಾಗಿ ಕೂಡುವುದಿಲ್ಲ. ಹಣ್ಣು ಹಳದಿ ಮಿಶ್ರಿತ ಕಿತ್ತಳೆ ಬಣ್ಣದಲ್ಲೇ ಮೆತ್ತಗಾಗುತ್ತದೆ.

ಮಳೆಗಾಲದಲ್ಲಿ ಮಾತು ತಿರುವುಮುರುವಾಗುತ್ತದೆ. ಅಂಗಮಾರಿ ರೋಗಕ್ಕೆ ಬೇಕಾಗಿರುವುದು ಗಂಟೆಗಟ್ಟಲೆ ಒದ್ದೆಯಾಗಿರುವ ಎಲೆ. ತಂಪಾದ ಮಳೆ ಬಿಡದೆ ಹಿಡಿದಾಗ ಬಯಲಿನ ಸಾಲು ಕೆಲವೇ ದಿನಗಳಲ್ಲಿ ಸುಟ್ಟಂತೆ ಕಪ್ಪಾಗುವುದನ್ನು ಕಂಡಿದ್ದೇನೆ. ಒಳಗಿನ ಗಿಡಗಳು ಆಗಲೂ ಹಸಿರಾಗಿಯೇ ಇದ್ದವು. ಒಣಗಿದ ನೆಲದ ಮೇಲೆ ಜೋರು ಮಳೆ ಬಿದ್ದು ಹಣ್ಣು ಬಿರಿಯುವ ಕಾಟವೂ ಒಳಗಿಲ್ಲ. ಆದರೆ ಪಕ್ಕದ ಪರದೆಗಳನ್ನು ಮುಚ್ಚಿಟ್ಟರೆ ಚಾವಣಿಯಲ್ಲಿ ಕೂಡಿದ ನೀರಹನಿ ಎಲೆಗಳ ಮೇಲೆ ತೊಟ್ಟಿಕ್ಕಿ ಬೂದು ಬೂಷ್ಟು ಹಿಡಿಯುತ್ತದೆ. ಬಿಳಿನೊಣವೂ ಒಮ್ಮೆ ಒಳನುಗ್ಗಿದರೆ, ಅದನ್ನು ತೊಳೆಯುವ ಮಳೆಯಾಗಲಿ ತಿನ್ನುವ ಶತ್ರುಕೀಟಗಳಾಗಲಿ ಇಲ್ಲದೆ ಹೊರಗಿನದಕ್ಕಿಂತ ವೇಗವಾಗಿ ಹೆಚ್ಚುತ್ತದೆ. ಅದರ ಬೆನ್ನಿಗೇ ಅದು ಹರಡುವ ಎಲೆ ಮುದುಡು ರೋಗ ಬರುವ ಭಯ. ಸಣ್ಣ ಕಣ್ಣಿನ ಬಲೆ ಹಾಕಿದರೆ ಅದು ನೊಣವನ್ನು ತಡೆಯುತ್ತದೆ, ಜೊತೆಗೆ ಗಾಳಿಯನ್ನೂ ತಡೆಯುತ್ತದೆ.

ಮಣ್ಣಿನ ಬಗ್ಗೆ ಹಸಿರುಮನೆ ಕಟ್ಟಿಸುವವರು ಸಾಮಾನ್ಯವಾಗಿ ಯೋಚಿಸುವುದೇ ಇಲ್ಲ, ಇದು ನನಗೆ ಬೇಸರದ ಸಂಗತಿ. ಬಯಲಿನಲ್ಲಿ ಟೊಮೆಟೊ ಮುಗಿದ ಮೇಲೆ ಜೋಳವನ್ನೋ ಬೇರೆ ಏಕದಳ ಬೆಳೆಯನ್ನೋ ಹಾಕಿ ಜಾಗಕ್ಕೆ ಬಿಡುವು ಕೊಡಬಹುದು. ಹಣ ಸುರಿದು ಕಟ್ಟಿದ ಸೂರಿನಡಿ ಜೋಳ ಹಾಕಲು ಯಾರಿಗೆ ಮನಸ್ಸು ಬಂದೀತು? ಅದೇ ಪಾತಿಯಲ್ಲಿ ಮತ್ತೆ ಮತ್ತೆ ಟೊಮೆಟೊ ಹಾಕಿದಂತೆಲ್ಲ ಬೇರುಗಂಟು ಜಂತುಗಳು ಹೆಚ್ಚುತ್ತವೆ, ರಸಗೊಬ್ಬರದ ಲವಣ ತೊಳೆದುಹೋಗಲು ಮಳೆ ಇಲ್ಲದೆ ಮೇಲ್ಮಣ್ಣಿನಲ್ಲೇ ಉಳಿಯುತ್ತದೆ.

ದುಡಿಮೆಯ ಲೆಕ್ಕದಲ್ಲಿ ಒಳಗಿನದೇ ಭಾರ. ಒಂದೇ ಕಾಂಡ ಬಿಟ್ಟು ಕಂಕುಳ ಚಿಗುರುಗಳನ್ನು ವಾರವಾರವೂ ಚಿವುಟಬೇಕು, ಹುರಿ ಸುತ್ತಬೇಕು, ಕೆಳಗಿನ ಎಲೆ ತೆಗೆಯಬೇಕು. ಅದಕ್ಕೆ ಪ್ರತಿಯಾಗಿ ಕೊಯ್ಲು ಬಯಲಿಗಿಂತ ಬಹಳ ಕಾಲ ಮುಂದುವರಿಯುತ್ತದೆ.

ರುಚಿಯಲ್ಲಿ ನನ್ನ ಮತ ಬಯಲಿನ ಹಣ್ಣಿಗೇ, ಅದೂ ಒಣ ಹವೆಯಲ್ಲಿ ಬಲಿತದ್ದಕ್ಕೆ. ಬಿಡದೆ ಮಳೆ ಸುರಿದಾಗ ಅದೂ ಸಪ್ಪೆಯೇ. ಹಣ್ಣು ಬಣ್ಣ ತಿರುಗುವ ಹೊತ್ತಿಗೆ ನೀರನ್ನು ಮೆಲ್ಲಗೆ ಕಡಿಮೆ ಮಾಡಿದರೆ ಹಸಿರುಮನೆಯ ಹಣ್ಣೂ ರುಚಿಗೂಡುತ್ತದೆ. ಆದರೆ ಒಮ್ಮೆಗೇ ನೀರು ನಿಲ್ಲಿಸಬಾರದು. ನೀರಿನ ಏರುಪೇರಾದರೆ ಎಳೆ ಕಾಯಿಗಳಿಗೆ ಕ್ಯಾಲ್ಸಿಯಂ ತಲುಪದೆ ತುದಿ ಕೊಳೆಯುತ್ತದೆ.

ದಿನವೂ ಗಿಡದ ಬಳಿ ನಿಲ್ಲಲು ಸಮಯವಿದ್ದು, ವರ್ಷದ ಹೆಚ್ಚು ಕಾಲ ಹಣ್ಣು ಬೇಕೆನ್ನುವವರಿಗೆ ಹಸಿರುಮನೆ ತಕ್ಕದ್ದು. ಒಂದೇ ಹಂಗಾಮಿನ ಬೆಳೆ ಸಾಕೆನ್ನುವವರು ಒಣ ಹವೆಯ ತಿಂಗಳುಗಳನ್ನು ನೋಡಿಕೊಂಡು ಬಯಲಿನಲ್ಲೇ ಹಾಕಲಿ. ನಾನಂತೂ ಈಗ ಮಳೆಗಾಲಕ್ಕೆ ನಾಲ್ಕೂ ಬದಿ ತೆರೆದ, ಮೇಲೆ ಮಾತ್ರ ಹಾಳೆ ಹೊದಿಸಿದ ಸರಳ ಚಪ್ಪರವನ್ನು ನೆಚ್ಚಿಕೊಂಡಿದ್ದೇನೆ. ಎಲೆ ಒಣಗಿರುತ್ತದೆ, ಗಾಳಿ ಹೂವನ್ನು ಅಲುಗಿಸುತ್ತದೆ, ಮಳೆ ನಿಂತ ಮೇಲೆ ಹಾಳೆಯನ್ನು ಸುತ್ತಿಟ್ಟು ಬೇರೆ ಪಾತಿಗೆ ಒಯ್ಯಬಹುದು. ಬಿಳಿನೊಣಕ್ಕೆ ಮಾತ್ರ ಅಲ್ಲಿ ತಡೆಯಿಲ್ಲ. ಹಳದಿ ಅಂಟುಪಟ್ಟಿ ಕಟ್ಟಿ, ಮುದುಡಿದ ಗಿಡ ಕಂಡೊಡನೆ ಕಿತ್ತು ಹಾಕುತ್ತೇನೆ.