ಸೊಳ್ಳೆ ಕಡಿತದ ತುರಿಕೆಗೆ ಒಂದು ತಿಂಗಳು ಟ್ರೈ ಮಾಡಿದ ಮನೆಮದ್ದುಗಳು, ಜೊತೆಗೆ ಒಂದು ದುಬಾರಿ ರೋಲ್ ಆನ್

ಮೊದ್ಲೇ ಹೇಳ್ಬಿಡ್ತೀನಿ, ನಾನು ಡಾಕ್ಟ್ರಲ್ಲ. ಬೆಂಗಳೂರಲ್ಲಿ ಗ್ರೌಂಡ್ ಫ್ಲೋರ್ ಬಾಡಿಗೆ ಮನೆ, ಹಿಂದೆ ರಾಜಕಾಲುವೆ, ಮನೇಲಿ ಇಬ್ರು ಮಕ್ಕಳು, ಇಷ್ಟೇ ನನ್ನ ಕ್ವಾಲಿಫಿಕೇಷನ್. ಈ ಮಳೆಗಾಲದಲ್ಲಿ ಚಿಕ್ಕವಳ ಕಾಲು ನೋಡಿದ್ರೆ ಯಾರೋ ಕೂತ್ಕೊಂಡು ಸಾಲಾಗಿ ಕುಂಕುಮ ಇಟ್ಟಂಗಿತ್ತು, ರಾತ್ರಿ ನಿದ್ದೆಗಣ್ಣಲ್ಲೇ ಪರಪರ ಕೆರ್ಕೊಂಡು ಬೆಳಿಗ್ಗೆ ಎದ್ರೆ ಬೆಡ್‌ಶೀಟ್ ಮೇಲೆ ರಕ್ತದ ಚುಕ್ಕಿ.

ಅದಕ್ಕೆ ಮೊದ್ಲು ದುಡ್ಡು ಕೊಟ್ಟು ತಂದಿದ್ದರ ಕಥೆ. ಏರಿಯಾದ ಆರ್ಗ್ಯಾನಿಕ್ ಅಂಗಡೀಲಿ ಒಂದು ಹರ್ಬಲ್ ರೋಲ್ ಆನ್, 10 ಎಂಎಲ್‌ಗೆ 249 ರೂಪಾಯಿ. ಸಿಟ್ರೊನೆಲ್ಲಾ, ನೀಲಗಿರಿ ಎಣ್ಣೆ, ಕರ್ಪೂರ ಅಂತ ಬರೆದಿತ್ತು. ಸೊಳ್ಳೆ ಓಡ್ಸತ್ತೆ, ಕಡಿದ್ರೆ ತುರಿಕೆನೂ ನಿಲ್ಸತ್ತೆ, ಎರಡೂ ಕೆಲಸ ಇದ್ರಲ್ಲೇ ಅಂದ್ರು ಅಂಗಡಿಯವ್ರು. ವಾಸನೆ ಏನೋ ಸಕ್ಕತ್ತಾಗಿದೆ. ಆದ್ರೆ ಸಿಟ್ರೊನೆಲ್ಲಾ ಬೇಗ ಆರಿಹೋಗೋ ಎಣ್ಣೆ, ಅರ್ಧ ಮುಕ್ಕಾಲು ಗಂಟೆಗೆ ಸೊಳ್ಳೆಗಳು ವಾಪಸ್ ಹಾಜರ್. ಇನ್ನು ಕೆರೆದು ಚರ್ಮ ಕಿತ್ತ ಜಾಗಕ್ಕೆ ತಾಗಿಸಿದ್ದೇ ತಡ ಮಗು ಕಿರುಚಿದ್ದು ಮೇಲಿನ ಮನೆಯವ್ರಿಗೂ ಕೇಳಿಸ್ತು. ಕರ್ಪೂರ ಇರೋದನ್ನ ಪುಟ್ಟ ಮಕ್ಕಳ ಕೈಗೆ ಸಿಗೋ ಹಂಗೂ ಇಡಬಾರ್ದು, ಬಾಯಿಗೆ ಹೋದ್ರೆ ಫಿಟ್ಸ್ ಬರೋ ಅಪಾಯ ಇದೆ, ಆ ಡಬ್ಬಿ ಮೇಲೆ ಅದರ ಸುದ್ದಿನೇ ಇಲ್ಲ. 5ಕ್ಕೆ 1, ಅದೂ ವಾಸನೆಗೆ.

ತೀರ್ಥಹಳ್ಳಿಯಿಂದ ಅಮ್ಮನ ಫೋನು. "ಅಷ್ಟು ದುಡ್ಡು ಕೊಟ್ಟು ಅದ್ಯಾಕೆ ತಂದ್ಯೇ, ಒಂಚೂರು ಸುಣ್ಣ ಹಚ್ಚಿದ್ರೆ ಆಗಿತ್ತಲ್ಲ." ನಾವು ಚಿಕ್ಕೋರಿದ್ದಾಗ ಜೇನು ಕಚ್ಚಲಿ ಇರುವೆ ಕಚ್ಚಲಿ ಎಲೆಅಡಿಕೆ ತಟ್ಟೆಯ ಸುಣ್ಣವೇ ಔಷಧಿ. ನನ್ನ ಕೈ ಮೇಲೇ ಟ್ರೈ ಮಾಡಿದೆ, ತುರಿಕೆ ಮರೆತುಹೋಯ್ತು ನಿಜ, ಯಾಕಂದ್ರೆ ಉರಿ ಶುರುವಾಯ್ತು! ಸುಣ್ಣ ಚರ್ಮ ಸುಡತ್ತೆ, ಮಕ್ಕಳಿಗಂತೂ ಬೇಡ್ವೇ ಬೇಡ. ನಿಂಬೆರಸನೂ ಬೇಡ, ಹಚ್ಕೊಂಡು ಬಿಸಿಲಿಗೆ ಹೋದ್ರೆ ಬೊಬ್ಬೆ ಏಳಬಹುದು.

ನಮ್ಮೆಜಮಾನ್ರದ್ದು ಇನ್ನೊಂದು ಪ್ರಯೋಗ, ಹಸಿ ಬೆಳ್ಳುಳ್ಳಿ ತಿಂದ್ರೆ ಸೊಳ್ಳೆ ಹತ್ರ ಬರಲ್ಲ ಅಂತ ಎಲ್ಲೋ ಓದಿ ನಾಲ್ಕು ದಿನ ತಿಂದ್ರು. ಸೊಳ್ಳೆ ಬಂತು, ನಾನು ದೂರ ಹೋದೆ.

ಅಡುಗೆ ಸೋಡಾನ ಎರಡು ಹನಿ ನೀರಲ್ಲಿ ಕಲಸಿ ಹತ್ತು ನಿಮಿಷ ಹಚ್ಚಿ ತೊಳೆದ್ರೆ ದೊಡ್ಡೋರಿಗೆ ಪರ್ವಾಗಿಲ್ಲ, 3 ಕೊಡ್ಬಹುದು. ತುಳಸಿ ರಸ ಹಚ್ಚಿದ್ರೆ ಮನಸ್ಸಿಗೆ ಸಮಾಧಾನ. ಲೋಳೆಸರ ಚೆನ್ನಾಗಿದೆ, ಆದ್ರೆ ಕಿತ್ತ ತಕ್ಷಣ ಹಚ್ಬೇಡಿ, ಎಲೆ ಕತ್ತರಿಸಿ ಲೋಟದಲ್ಲಿ ಹತ್ತು ನಿಮಿಷ ನೆಟ್ಟಗೆ ನಿಲ್ಸಿದ್ರೆ ಬುಡದಿಂದ ಹಳದಿ ಹಾಲು ಇಳಿಯತ್ತೆ, ಆ ಹಾಲೇ ಎಷ್ಟೋ ಜನಕ್ಕೆ ಇನ್ನಷ್ಟು ತುರಿಕೆ ತರೋದು. ಅದನ್ನ ಚೆಲ್ಲಿ, ಸಿಪ್ಪೆ ತೆಗೆದು, ಒಳಗಿನ ಗಾಜಿನಂಥ ತಿರುಳನ್ನ ಫ್ರಿಜ್ಜಲ್ಲಿಟ್ಟು ಹಚ್ಚಿ. 4.

ಆದ್ರೆ ಫುಲ್ ಮಾರ್ಕ್ಸ್ ಐಸ್‌ಗೆ ಕಣ್ರೀ, ಅದೂ ಪುಕ್ಸಟ್ಟೆ. ಸೊಳ್ಳೆ ಕಡಿಯೋವಾಗ ಅದರ ಎಂಜಲು ಚರ್ಮದೊಳಗೆ ಹೋಗತ್ತೆ, ಅದಕ್ಕೆ ನಮ್ಮ ಮೈ ಹಿಸ್ಟಮಿನ್ ಬಿಡತ್ತೆ, ಊತ ತುರಿಕೆ ಎಲ್ಲಾ ಅದರದ್ದೇ, ಕೆರೆದಷ್ಟೂ ಜಾಸ್ತಿ ಆಗೋದೂ ಅದಕ್ಕೇ. ತಣ್ಣಗಾದ್ರೆ ಊತನೂ ಇಳಿಯತ್ತೆ, ತುರಿಕೆನೂ ಮಂಕಾಗತ್ತೆ. ಸೋಪು ನೀರಲ್ಲಿ ತೊಳೆದು, ಐಸ್‌ನ ಕರ್ಚೀಫಲ್ಲಿ ಸುತ್ತಿ ಐದು ನಿಮಿಷ ಒತ್ತಿ ಹಿಡೀತೀನಿ, ಆಮೇಲೆ ಗಾಯ ಇಲ್ಲದ ಕಡೆ ಕ್ಯಾಲಮೈನ್ ಲೋಷನ್, ಅದೇ ಮೆಡಿಕಲ್ ಶಾಪಲ್ಲಿ ಸಿಗೋ ಗುಲಾಬಿ ಬಣ್ಣದ್ದು. ಮನೆಮದ್ದಲ್ಲ, ಒಪ್ತೀನಿ. ಬಾಟಲಿ ಚೆನ್ನಾಗಿ ಕುಲುಕಿ, ಇಲ್ದಿದ್ರೆ ಮೇಲೆ ಬರೀ ನೀರು ಬರತ್ತೆ. ಇನ್ನೊಂದು, ಉಗುರು ಕತ್ತರಿಸಿ. ಎರಡೇ ರಾತ್ರೀಲಿ ಬೆಡ್‌ಶೀಟ್ ಕ್ಲೀನ್.

ಬರದಂಗೆ ತಡೆಯೋ ವಿಷಯಕ್ಕೆ ಬಂದ್ರೆ, ಊರಲ್ಲಿ ಕೊಟ್ಟಿಗೆಗೆ ಲಕ್ಕಿ ಸೊಪ್ಪು ಹಾಕಿ ಹೊಗೆ ಹಾಕ್ತಾರಲ್ಲ, ಅದನ್ನ ಇಲ್ಲಿ ಬಾಲ್ಕನೀಲಿ ಬೇವಿನ ಸೊಪ್ಪಲ್ಲಿ ಮಾಡಕ್ಕೆ ಹೋಗಿ ಪಕ್ಕದ್ಮನೆ ಆಂಟಿ ಬೆಂಕಿ ಬಿತ್ತು ಅಂತ ಓಡ್ಬಂದ್ರು, ಮಗನಿಗೆ ಕೆಮ್ಮು ಬೇರೆ. ಕೊಬ್ಬರಿ ಎಣ್ಣೆಗೆ ಬೇವಿನ ಎಣ್ಣೆ ಬೆರೆಸಿ ಹಚ್ಚೋದು ಸ್ವಲ್ಪ ಹೊತ್ತು ನಡೆಯತ್ತೆ, ಆದ್ರೆ ಆ ಕಮಟು, ಅಬ್ಬಾ. ಸೊಳ್ಳೆ ಪರದೆ, ಜೋರು ಫ್ಯಾನು, ಇವೆರಡೇ ಗಟ್ಟಿ. ಸೊಳ್ಳೆಗೆ ಗಾಳಿಗೆ ಎದುರು ಹಾರೋ ತಾಕತ್ತಿಲ್ಲ.

ಇಷ್ಟೆಲ್ಲಾ ಆದ್ಮೇಲೆ ಒಂದು ಭಾನುವಾರ ಕಿಟಕೀಲಿದ್ದ ಮನಿಪ್ಲಾಂಟ್ ಬಾಟಲಿ ತೊಳೆಯಕ್ಕೆ ಎತ್ತಿದ್ರೆ ಒಳಗೆ ಹುಳ ಪುಳಕ್ ಪುಳಕ್ ಅಂತ ಕುಣೀತಿದ್ವು. ಅಷ್ಟು ದಿನ ರಾಜಕಾಲುವೆನ ಬೈಕೊಂಡಿದ್ದೆ, ಸೊಳ್ಳೆ ಸಾಕ್ತಿದ್ದೋಳು ನಾನೇ! ಡೆಂಗಿ ತರೋ, ಹಗಲೇ ಕಡಿಯೋ ಸೊಳ್ಳೆ ಇಂಥ ತಿಳಿನೀರಲ್ಲೇ ಮೊಟ್ಟೆ ಇಡೋದು, ಎಂಟು ಹತ್ತು ದಿನಕ್ಕೆ ಸೊಳ್ಳೆ ರೆಡಿ. ಈಗ ವಾರಕ್ಕೊಂದ್ಸಲ ಬಾಟಲಿ, ಡ್ರಮ್ಮು, ಕುಂಡದ ತಟ್ಟೆ, ಫ್ರಿಜ್ ಹಿಂದಿನ ಟ್ರೇ ಎಲ್ಲಾ ಚೆಲ್ಲಿ ಉಜ್ಜೋದೇ.

ದಸರಾಗೆ ಊರಿಗೆ ಹೋದಾಗ ತೋಟದಲ್ಲಿ ಉಂಬಳ, ಅಂದ್ರೆ ಜಿಗಣೆ, ಹತ್ತಿದ್ವು. ಅಲ್ಲಿ ಅಮ್ಮಂದೇ ಗೆಲುವು, ಒಂದು ಚಿಟಿಕೆ ಉಪ್ಪು ಉದುರಿಸಿದ್ಲು, ಬಿದ್ದೇ ಹೋಯ್ತು. ಆದ್ರೆ ಉಣುಗಿನ (ಉಣ್ಣೆ ಹುಳದ) ವಿಷಯದಲ್ಲಿ ಮನೆಮದ್ದು ನಂಬ್ಕೊಂಡು ಕೂರ್ಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಕಂಡ ಮಂಗನ ಕಾಯಿಲೆ ಹರಡೋದು ಅದರಿಂದಾನೇ, ಚಳಿಗಾಲದಿಂದ ಬೇಸಿಗೆ ತನಕ ಜಾಸ್ತಿ. ನಮ್ಮ ಕಡೆ ಕಾಡಿಗೆ ಹೋಗೋರಿಗೆ ಆರೋಗ್ಯ ಇಲಾಖೆಯವ್ರು ಉಣುಗು ಹತ್ತದಂಗೆ ಮೈಗೆ ಹಚ್ಕೊಳ್ಳೋ ಡೆಪಾ ಎಣ್ಣೆ ಹಂಚ್ತಾರೆ, ಅದನ್ನ ಹಚ್ಕೊಂಡೇ ಹೋಗಿ. ಕಚ್ಚಿದ್ರೆ ಸೀಮೆಎಣ್ಣೆ, ಬೆಂಕಿಕಡ್ಡಿ ಅಂತೆಲ್ಲಾ ಮಾಡ್ದೆ ಚಿಮುಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೀರಿ, ಆಮೇಲೆ ಜ್ವರ ಬಂದ್ರೆ ಸೀದಾ ಆಸ್ಪತ್ರೆ.

ರೋಲ್ ಆನ್ ಈಗ ಶೂ ರ‍್ಯಾಕ್‌ನಲ್ಲಿದೆ. ಯಜಮಾನ್ರ ಸಾಕ್ಸ್ ವಾಸನೆಗೆ 5ಕ್ಕೆ 4.